ಹಿಟ್ಟಿನ ಕೈ

“ಹಲ್ಲು ಅಕಿದು, ನೋವು ನಂದು. ಇದರಾಗ ರೋಗಿ ಯಾರು ಅನ್ನೂದನ್ನ ನೀವ ಬರಕೋರಿ,” ಅಂದ ಪರಪ್ಪಜ್ಜ, ದವಡೆಯನ್ನು ಅಂಗೈಯಲ್ಲಿ ಅದುಮಿ ಹಿಡಿದುಕೊಂಡು.

ರೋಗಿಗಳ ವಿವರ ಮೊಬೈಲಿನಲ್ಲೇ ತುಂಬಿಸುವ ವ್ಯವಸ್ಥೆ ಮಾಡಲು ಹೊಳೆಯಾಚೆಯಿಂದ ಬಂದಿದ್ದ ತಬಸ್ಸುಮ್ ಮೇಡಂ ಒಂದು ಕೈಯಲ್ಲಿ ಹೊಸ ಮೊಬೈಲು ಹಿಡಿದು ಅವನ ಬಾಯೊಳಗೆ ಇಣುಕಿ ನೋಡಿದರು. ಅಜ್ಜನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅವರು ನನ್ನ ಕಡೆ ತಿರುಗಿದರು. ಊರಿನ ಆರೋಗ್ಯ ಕಾರ್ಯಕರ್ತೆ ನಾನು, ಗೋದಾವರಿ. ಜನರ ಬಾಯಲ್ಲಿ ಗೋದಕ್ಕ. ಹಲ್ಲು ದ್ಯಾವಮ್ಮನದು, ಆಕೆ ಹಿಂದಿನ ಓಣಿಯಲ್ಲಿ ಕೂತು ಅದೇ ಹುಳುಕು ಹಲ್ಲಿನಿಂದ ಚುರುಮುರಿ ಅಗಿಯುತ್ತಿದ್ದಾಳೆ, ಕೀಳಿಸಿಕೋ ಅಂದರೆ ನನಗೇನೂ ತ್ರಾಸಿಲ್ಲ ಅನ್ನುತ್ತಾಳೆ, ಇವರಿಬ್ಬರ ಜಗಳ ಬಹಳ ದಿನದ್ದು ಎಂದು ನಾನು ಹೇಳಿದೆ. ಮೇಡಂ ಮೊಬೈಲು ನೋಡಿದರು. ಅದರಲ್ಲಿ ‘ರೋಗಿಯ ಹೆಸರು’ ಎಂದು ತುಂಬಲು ಒಂದೇ ಒಂದು ಖಾಲಿ ಚೌಕದ ಮನೆಯಿತ್ತು.

ನಾನು ಕಂಡ ಹಾಗೆ ಹೊರಗಿನಿಂದ ಬಂದವರು ನಮ್ಮೂರಲ್ಲಿ ಮೊದಲು ನಗುತ್ತಾರೆ, ಆಮೇಲೆ ಹೆದರುತ್ತಾರೆ. ತಬಸ್ಸುಮ್ ಮೇಡಂ ಎರಡನ್ನೂ ಮಾಡಲಿಲ್ಲ. ಬಸ್ಸಿಳಿದಾಗ ತಮಗೆ ವಿಪರೀತ ತಲೆನೋವಿತ್ತು, ಸೇತುವೆ ದಾಟುತ್ತಿದ್ದಂತೆ ಬಿಟ್ಟುಹೋಯಿತು, ಗಾಳಿ ಚೆನ್ನಾಗಿದೆ ಅಂದುಕೊಂಡೆ ಎಂದು ಸಂಕೋಚದಿಂದ ಹೇಳಿದರು. ಅಷ್ಟರಲ್ಲಿ ಬಡಿಗೇರ ಮಾನಪ್ಪ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಉಪಕೇಂದ್ರದ ಬಾಗಿಲಿಗೆ ಬಂದು, ಊರಿಗೆ ಯಾರೋ ಹೊಸಬರು ಬಂದಿರಬೇಕು, ನನ್ನ ತಲೆ ಬಸ್ಸಿನ ಹಾಗೆ ಅಲುಗಾಡುತ್ತಿದೆ, ಅವರಿಗೊಂದು ಗುಳಿಗೆ ನುಂಗಿಸಿ ಪುಣ್ಯ ಕಟ್ಟಿಕೊಳ್ಳಿ ಎಂದ. ಮೇಡಂ ಗುಳಿಗೆ ನುಂಗಿ, ಮಾನಪ್ಪನ ಟವೆಲು ಕೆಳಗಿಳಿಯುವವರೆಗೂ ಅವನ ಎದುರೇ ಕೂತಿದ್ದರು. ಆಮೇಲೆ ಎರಡನೆಯ ಮನೆಯೊಂದನ್ನು ಸೇರಿಸಿಕೊಂಡು ಬರುತ್ತೇನೆಂದು ಹೇಳಿ ಮೊಬೈಲುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋದರು.

ಆ ಎರಡನೆಯ ಮನೆಗೆ ಏನೆಂದು ಹೆಸರಿಡಬೇಕು ಎಂದು ಅವರು ಕೇಳಿದಾಗ, ‘ಕಿವಿಯವರು’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ ಎಂದಿದ್ದೆ. ನಮ್ಮಲ್ಲಿ ಕೂಸಿನ ಕಿವಿ ಚುಚ್ಚುವ ದಿನ ಹಲಗೆ ಬಾರಿಸುತ್ತಾರೆ. ಹಲಗೆಯ ಸದ್ದು ಕೇಳಿದರೆ ಊರವರೆಲ್ಲ ಕೈಕೆಲಸ ನಿಲ್ಲಿಸಿ ಕೂಡುತ್ತಾರೆ. ಪತ್ತಾರ ಚಿನ್ನದ ತಂತಿಯನ್ನು ಕೂಸಿನ ಕಿವಿಗೆ ಚುಚ್ಚುತ್ತಾನೆ. ಕೂಸು ಅಳುವುದಿಲ್ಲ, ಅವನ ಮೀಸೆ ನೋಡುತ್ತ ಮಲಗಿರುತ್ತದೆ. ಊರಿನ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಹಾ ಎಂದು ಕಿವಿ ಹಿಡಿದುಕೊಳ್ಳುತ್ತಾರೆ. ಆ ಕೂಸಿಗೆ ಅವರೇ ಕಿವಿಯವರು. ಇನ್ನು ಮುಂದೆ ಅದು ಎಡವಿದರೆ ಇವರ ಹೆಬ್ಬೆರಳು, ಅದರ ಹೊಟ್ಟೆ ಕೆಟ್ಟರೆ ಇವರ ಹೊಟ್ಟೆ. ಅವರು ಕೂಡಲೇ ಎದ್ದು ಕೂಸಿನ ಮನೆಗೆ ನಡೆಯಬೇಕು. ಮನೆಯವರು ಬಾಗಿಲಲ್ಲೇ ಅವರ ಕೈಗೆ ಬೆಲ್ಲ ಕೊಬ್ಬರಿ ಕೊಟ್ಟು, ಪಂಕ್ತಿಯ ಮೊದಲ ಎಲೆಯಲ್ಲಿ ಕೂರಿಸಿ ಹೋಳಿಗೆ ಬಡಿಸಬೇಕು. ಅವರು ಊರಲ್ಲಿಲ್ಲದ ದಿನ ಆ ನೋವು ಯಾರ ಮೈಗೂ ಬರುವುದಿಲ್ಲ. ಅವರು ಸತ್ತರೆ ಇನ್ನೊಬ್ಬರಿಗೆ ಹೋಗುತ್ತದೆ, ಕಿವಿ ಚಿವುಟಿಕೊಂಡು ಮತ್ತೆ ಹುಡುಕಬೇಕು. ನನ್ನ ಕಿವಿಯವನು ಚಹಾದಂಗಡಿಯ ಬಾಬಣ್ಣ. ನಾನು ಎಲ್ಲಿ ಎಡವಿದರೂ ಸಂಜೆ ಅವನಿಂದ ಬೈಸಿಕೊಳ್ಳಬೇಕು.

ಇದೆಲ್ಲ ಸೇತುವೆಯ ನಡುಗಂಬದವರೆಗೆ ಮಾತ್ರ. ಕಂಬ ದಾಟಿದರೆ ಅವರವರ ನೋವು ಅವರವರಿಗೆ. ಹಾಗಾಗಿ ನಮ್ಮ ಹೆಂಗಸರು ಹೆರಿಗೆಗೆಂದು ಆಚೆಯ ಆಸ್ಪತ್ರೆಗೆ ಹೋಗಲು ಒಪ್ಪುವುದು ಕಷ್ಟ. ಊರಲ್ಲೇ ಹೆತ್ತವರಿಗೆ ಹೆರಿಗೆ ನೋವು ಹೇಗಿರುತ್ತದೆಂದು ಗೊತ್ತೇ ಇಲ್ಲ. ಗೊತ್ತಿರುವುದು ಅವರ ಕಿವಿಯವರಿಗೆ. ದಿನ ತುಂಬಿದಾಗ ನಾನು ಬಸುರಿಯ ಮನೆಗಿಂತ ಹೆಚ್ಚಾಗಿ ಅವರ ಮನೆಗೆ ತಿರುಗುತ್ತೇನೆ. ಬಸ್ ಕಂಡಕ್ಟರ್ ಮೌನೇಶ ಒಮ್ಮೆ ಹೆರಿಗೆ ರಜೆಗೆ ಅರ್ಜಿ ಹಾಕಿದ್ದ. ಡಿಪೋದವರು ಅದನ್ನು ಗೋಡೆಗೆ ಅಂಟಿಸಿಕೊಂಡು ನಕ್ಕರಂತೆ. ನಗುವ ಸಂಗತಿಯೇ. ಆದರೆ ಕಿವಿಯವರು ಬಾಯಿ ಬಿಡದಿದ್ದರೆ ಬಸುರಿಗೆ ತಾನು ಹೆರುತ್ತಿದ್ದೇನೆಂಬುದೇ ತಿಳಿಯುವುದಿಲ್ಲ.

ನೀಲಗಂಗಾಳ ಮೊದಲ ಕೂಸು ಹೋದದ್ದು ಹೀಗೆಯೇ. ಆಕೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಸೀರೆ ಒದ್ದೆಯಾದದ್ದು ಒಗೆಯುವ ನೀರಿನಿಂದಲೇ ಅಂದುಕೊಂಡಿದ್ದಳು. ನಾನು ಹೋಗುವಷ್ಟರಲ್ಲಿ ಹೊತ್ತಾಗಿತ್ತು. ನೋವು ಯಾವಾಗ ಶುರುವಾಯಿತು ಎಂದು ಆಸ್ಪತ್ರೆಯವರು ಫೋನಿನಲ್ಲಿ ಕೇಳಿದರು. ಈಗಷ್ಟೇ ಇರಬೇಕು ಎಂದು ಯಾರೋ ಊಹೆಯ ಮೇಲೆ ಹೇಳಿದರು. ಅವರು ಅದನ್ನು ನಂಬಿ ಆಪರೇಶನ್ನಿಗೆ ಸಿದ್ಧತೆ ಮಾಡಿಕೊಳ್ಳಲಿಲ್ಲ. ಕೂಸು ಅಡ್ಡ ತಿರುಗಿತ್ತು.

ಆಕೆಯ ಕಿವಿಯವರು ಯಾರು ಎಂದರೆ ಊರಿನಲ್ಲಿ ಎರಡು ಉತ್ತರಗಳಿದ್ದವು. ಯಾರೂ ಇಲ್ಲ ಎನ್ನುವುದು ಒಂದು. ಗಿರಣಿಯ ಗುರುಶಾಂತಣ್ಣ ಎನ್ನುವುದು ಇನ್ನೊಂದು, ಅದನ್ನು ಮೆಲ್ಲಗೆ ಹೇಳಬೇಕು. ನೀಲಗಂಗಾಳ ಕಿವಿ ಚುಚ್ಚಿದ ದಿನ ನಾನು ಆ ಮನೆಯಲ್ಲಿ ಎಲೆ ಹಾಕುತ್ತಿದ್ದೆ. ಗುರುಶಾಂತಣ್ಣ ಆಗಿನ್ನೂ ಮೀಸೆ ಚಿಗುರಿದ ಹುಡುಗ. ಗಿರಣಿಯಿಂದ ಕಿವಿ ಹಿಡಿದುಕೊಂಡು ಹಾಗೆಯೇ ನಡೆದು ಬಂದಿದ್ದ, ಮೈಯೆಲ್ಲ ಹಿಟ್ಟು. ನೀಲಗಂಗಾಳ ಅಜ್ಜ ಬೆಲ್ಲದ ತಾಟು ಹಿಡಿದು ಬಾಗಿಲಲ್ಲಿ ನಿಂತವನು, ಹಿಟ್ಟು ಉದುರುತ್ತಿದೆ, ಮೊದಲು ಕೈ ತೊಳೆದುಕೊಂಡು ಬಾ ಎಂದ. ಹುಡುಗ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮೊದಲ ಎಲೆಗೆ ದೊಡ್ಡ ಮನೆಯವರು ಯಾರೋ ಬಂದು ಕೂತಿದ್ದರು. ಅಜ್ಜ ಪಂಕ್ತಿಯ ಕೊನೆಯನ್ನು ಕಣ್ಣಲ್ಲೇ ತೋರಿಸಿದ. ಗುರುಶಾಂತಣ್ಣ ಒದ್ದೆ ಕೈಯಲ್ಲೇ ಅಂಗಳ ಇಳಿದು ಹೋದ. ಏನಾಯಿತೋ ಎಂದು ಓಣಿಯವರು ಕೇಳಿದ್ದಕ್ಕೆ, ನನ್ನ ಕಿವಿಗೆ ಏನೂ ಆಗಿಲ್ಲ, ನೊಣ ಕಡಿದಿತ್ತು ಎಂದ. ಅವತ್ತಿನಿಂದ ಅದೇ ಮಾತು. ನೀಲಗಂಗಾಳ ಮನೆಯವರೂ ಹಟಕ್ಕೆ ಬಿದ್ದು ಅವನನ್ನು ಕೇಳಲು ಹೋಗಲಿಲ್ಲ. ಆಕೆ ಬೆಳೆಯುವಾಗ ಬಿದ್ದಳು, ಎದ್ದಳು, ಕೈ ಸುಟ್ಟುಕೊಂಡಳು. ಅವನ ಮುಖ ನೋಡಿದರೆ ಹಿಟ್ಟಿನಿಂದ ಬೆಳ್ಳಗಿರುತ್ತಿತ್ತು, ಅದರ ಮೇಲೆ ಏನೂ ಕಾಣಿಸುತ್ತಿರಲಿಲ್ಲ. ಮೊದಲ ಹೆರಿಗೆಯ ದಿನ ಅವನು ಊರಲ್ಲಿರಲಿಲ್ಲ. ಗಿರಣಿಯ ಸವೆದ ಕಲ್ಲಿಗೆ ಹಲ್ಲು ಹೊಡೆಸಿಕೊಂಡು ಬರಲು ಹೊಳೆಯಾಚೆ ಹೋಗಿದ್ದ. ಹಿಂದಿರುಗಿ ಬಂದು ಸುದ್ದಿ ಕೇಳಿದವನು ಗಾಡಿಯಲ್ಲಿದ್ದ ಕಲ್ಲನ್ನು ಎಷ್ಟೋ ದಿನ ಇಳಿಸದೆ ಹಾಗೆಯೇ ಬಿಟ್ಟಿದ್ದ.

ತಬಸ್ಸುಮ್ ಮೇಡಂ ಮತ್ತೆ ಬಂದಾಗ ಮೊಬೈಲು ಬದಲಾಗಿತ್ತು. ಎರಡು ಮನೆಗಳಿದ್ದವು, ನಡುವೆ ಒಂದು ದಾರ ಎಳೆದ ಹಾಗಿತ್ತು. ನಮ್ಮಲ್ಲಿ ಓದುವುದಕ್ಕಿಂತ ಕೇಳುವವರೇ ಹೆಚ್ಚು ಎಂದು ಪ್ರಶ್ನೆಗಳನ್ನೆಲ್ಲ ಅವರು ತಮ್ಮ ಸ್ವಂತ ದನಿಯಲ್ಲೇ ತುಂಬಿಸಿದ್ದರು. ಕಿವಿಯವರು ತಮ್ಮ ಬಾಯಿಂದಲೇ ಹೌದು ನಾನು ಎಂದು ಮೊಬೈಲಿಗೆ ಒಪ್ಪಿಗೆ ಕೊಡಬೇಕು. ಕೊಟ್ಟರೆ ಬಸುರಿಯ ಹೆಸರಿನ ಮುಂದೆ ಹಸಿರು ಚುಕ್ಕೆ, ಇಲ್ಲವಾದರೆ ಕೆಂಪು. ಹಸಿರಿನವರ ಕಿವಿಯವರಿಗೆ, ದಿನ ತುಂಬಿದ ಮೇಲೆ, ಪ್ರತಿ ಬೆಳಿಗ್ಗೆ ಅದು ತಾನಾಗಿಯೇ ಫೋನು ಮಾಡಿ, ಇವತ್ತು ಹೇಗಿದ್ದೀರಿ, ಎಲ್ಲಾದರೂ ನೋಯುತ್ತಿದೆಯೇ ಎಂದು ಕೇಳುತ್ತದೆ. ಉತ್ತರ ನನಗೂ ಬರುತ್ತದೆ, ಆಸ್ಪತ್ರೆಗೂ ಹೋಗುತ್ತದೆ. ಅದು ಬಂದ ಮೇಲೆ ನನ್ನ ಕಾಲಿಗೆ ಸ್ವಲ್ಪ ವಿರಾಮ ಸಿಕ್ಕಿದ್ದು ನಿಜ. ಊರವರು ಮೊಬೈಲಿಗೆ ತಮ್ಮ ದನಿಯಲ್ಲಿ ಸಂದೇಶ ಕಳಿಸುವುದನ್ನೂ ಕಲಿತರು. ಗುಳಿಗೆ ಕೇಳಲು ಶುರುಮಾಡಿದವರು ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ ಹೇಳಿ ಮುಗಿಸುತ್ತಿದ್ದರು. ನಾನು ಯಾವುದನ್ನೂ ಅಳಿಸುತ್ತಿರಲಿಲ್ಲ, ಒಲೆಯ ಮುಂದೆ ಕೂತು ಎರಡೆರಡು ಸಲ ಕೇಳುತ್ತಿದ್ದೆ.

ನೀಲಗಂಗಾ ಮತ್ತೆ ಬಸುರಿಯಾದಾಗ ಆಕೆಯ ಚುಕ್ಕೆ ಕೆಂಪಾಯಿತು. ಕೆಂಪಿನವರು ಕೊನೆಯ ತಿಂಗಳು ಹೊಳೆಯಾಚೆಯ ಆಸ್ಪತ್ರೆಯಲ್ಲೇ ದಾಖಲಾಗಿ ಇರಬೇಕೆಂಬುದು ಕಟ್ಟಳೆ. ನಾನು ಗಿರಣಿಗೆ ಹೋಗಿ ಕೇಳಿದೆ. ಗುರುಶಾಂತಣ್ಣ ಜೋಳ ಸುರಿಯುತ್ತ, ನೊಣ ಕಡಿದದ್ದಕ್ಕೆ ಎಷ್ಟು ವರ್ಷ ಸಾಕ್ಷಿ ಹೇಳಬೇಕು ಎಂದ. ಅದಾದ ಮೇಲೆ ಸ್ವಲ್ಪ ದಿನಕ್ಕೆ ನೀಲಗಂಗಾಳ ಅತ್ತೆ ಬಾಳವ್ವ ಉಪಕೇಂದ್ರಕ್ಕೆ ಬಂದಳು. ಬಾಳವ್ವ ಅದುವರೆಗೆ ಒಬ್ಬ ಮುದುಕನ ಮೊಣಕಾಲು ನೋವು ಹೊತ್ತವಳು. ಆ ಮುದುಕ ತೀರಿಕೊಂಡಿದ್ದ. ಈಗ ಸೊಸೆಯ ನೋವು ತನಗೇ ಬರುತ್ತಿದೆ, ನಿನ್ನೆ ಆಕೆ ಕುಡುಗೋಲು ತಾಗಿಸಿಕೊಂಡಾಗ ತನ್ನ ಬೆರಳು ಚುರ್ ಎಂದಿತು ಎಂದಳು. ನಾನು ರೂಢಿಯಂತೆ ಪರೀಕ್ಷೆ ಮಾಡಿದೆ. ನೀಲಗಂಗಾಳನ್ನು ಒಳಮನೆಯಲ್ಲಿ ಕೂರಿಸಿ ಕಿವಿ ಚಿವುಟಿಕೋ ಎಂದೆ. ಅಡುಗೆಮನೆಯಿಂದ ಬಾಳವ್ವ ಅಯ್ಯವ್ವ ಎಂದಳು. ಮೊಬೈಲಿಗೆ ಹೌದು ನಾನು ಎಂದಳು. ಚುಕ್ಕೆ ಹಸಿರಾಯಿತು. ನಮಗೆಲ್ಲ ಹಾಯೆನಿಸಿತು, ಕಿವಿಯಿಲ್ಲದಾಕಿ ಎಂದು ನೀಲಗಂಗಾಳನ್ನು ಆಡಿಕೊಳ್ಳುತ್ತಿದ್ದವರು ಆಕೆಯ ಮನೆಗೆ ಉಪ್ಪಿನಕಾಯಿ ಕೊಟ್ಟು ಹೋದರು.

ದಿನ ತುಂಬಿತು. ಪ್ರತಿ ಬೆಳಿಗ್ಗೆ ಮೊಬೈಲು ಬಾಳವ್ವನನ್ನು ಕೇಳುತ್ತಿತ್ತು, ಬಾಳವ್ವ ಏನಿಲ್ಲ ಬಾಯಾರ, ಆರಾಮದೀನಿ ಎನ್ನುತ್ತಿದ್ದಳು. ಅದೇ ತಿಂಗಳಲ್ಲಿ ಗುರುಶಾಂತಣ್ಣನ ಅಕ್ಕನ ಮಗಳ ಮದುವೆ ಹೊಳೆಯಾಚೆ ನಡೆಯಿತು. ಸೋದರಮಾವನಾಗಿ ಅವನೇ ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಿತ್ತು. ಅವನು ಹೋಗಲಿಲ್ಲ. ಗಿರಣಿಯ ಬೆಲ್ಟು ಕೆಟ್ಟಿದೆ ಎಂದು ಹೇಳಿ ಕಳಿಸಿದ. ಅವನ ಅಕ್ಕ ಬಂದು ಗಿರಣಿಯ ಮುಂದೆ ನಿಂತು ಬೈದು ಅತ್ತು ಹೋದಳು. ಅವಳು ಬೈಯುವಾಗಲೂ ಬೆಲ್ಟು ತಿರುಗುತ್ತಲೇ ಇತ್ತು ಎಂದು ಜನ ಆಡಿಕೊಂಡರು. ಅದನ್ನು ಕೇಳಿ ನಾನೂ ನಕ್ಕಿದ್ದೆ.

ಮದುವೆ ಮುಗಿದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ನಮ್ಮ ಓಣಿಯ ಹುಲಿಗೆವ್ವನಿಂದ ಸಂದೇಶ ಬಂತು. ಬಿ.ಪಿ. ತೋರಿಸಿಕೊಳ್ಳಲು ಈಗ ಬರಲಾಗುವುದಿಲ್ಲ, ಗಿರಣಿಯಲ್ಲಿ ಕೂತಿದ್ದೇನೆ, ಒಂದು ಡಬ್ಬಿ ಜೋಳ ಬೀಸುವುದಕ್ಕೆ ಈ ಮನುಷ್ಯ ಎಷ್ಟು ಸಲ ಮಶೀನು ನಿಲ್ಲಿಸುತ್ತಾನೋ ಎಂದು ಆಕೆ ಅವನನ್ನೂ, ಅವನ ಗಿರಣಿಯನ್ನೂ, ತನಗೆ ಜೋಳ ಕೊಟ್ಟು ಕಳಿಸಿದ ಗಂಡನನ್ನೂ ಸೇರಿಸಿ ಬೈದಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಂದೇಶ, ಆಮೇಲೆ ಮತ್ತೊಂದು. ಹುಲಿಗೆವ್ವ ಬೈದರೆ ಕೇಳಲು ಚೆಂದ. ನಾನು ಚಹಾ ಸೋಸಿಕೊಂಡು ಸಂದೇಶಗಳನ್ನು ಎರಡನೆಯ ಸಲ ಹಾಕಿಕೊಂಡು ಕೇಳಿದೆ. ಆಗ ಆಕೆಯ ಮಾತಿನ ಹಿಂದಿನ ಸದ್ದು ಕಿವಿಗೆ ಬಿತ್ತು. ಗಿರಣಿ ಕೆಟ್ಟರೆ ಕೆಮ್ಮಿ, ಎಳೆದಾಡಿ, ಆಮೇಲೆ ನಿಲ್ಲುತ್ತದೆ. ಇದು ಹಾಗೆ ನಿಂತಿರಲಿಲ್ಲ. ಯಾರೋ ಕೈಯಿಂದ ತಟ್ಟನೆ ನಿಲ್ಲಿಸಿದ್ದರು. ಒಂದಿಷ್ಟು ಹೊತ್ತು ಹುಲಿಗೆವ್ವನ ದನಿ ಮಾತ್ರ, ಮತ್ತೆ ಗಿರಣಿ. ಮೊದಲ ಸಂದೇಶದಲ್ಲಿ ಆಕೆ ಗಂಡನನ್ನು ಬೈದು ಮುಗಿಸುವವರೆಗೆ ಗಿರಣಿ ಓಡಿತ್ತು. ಕೊನೆಯದರಲ್ಲಿ ಗಂಡನ ಹೆಸರು ಹೇಳುವಷ್ಟರಲ್ಲೇ ನಿಂತಿತ್ತು. ಎಷ್ಟೋ ಕಿವಿಯವರ ಪಕ್ಕದಲ್ಲಿ ಕೂತು, ಹೆರಿಗೆ ನೋವುಗಳ ನಡುವಿನ ಬಿಡುವಿನ ಈ ಅಳತೆ ನನ್ನ ಕಿವಿಗೆ ಅಭ್ಯಾಸವಾಗಿದೆ. ಅಕ್ಕನ ಮಗಳ ಮದುವೆ ನೆನಪಾಯಿತು. ಮೊಬೈಲಿನಲ್ಲಿ ನೀಲಗಂಗಾಳ ಚುಕ್ಕೆ ಹಸಿರಾಗಿಯೇ ಇತ್ತು. ಚಹಾ ಅಲ್ಲೇ ಬಿಟ್ಟು ಎದ್ದೆ.

ನಾನು ಹೋದಾಗ ನೀಲಗಂಗಾ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದೆ, ಬಿಸಿ ರೊಟ್ಟಿ ತಿನ್ನು ಎಂದಳು. ಎಬ್ಬಿಸಿ ಚಾಪೆಯ ಮೇಲೆ ಮಲಗಿಸಿದೆ. ಹೊಟ್ಟೆ ಮುಟ್ಟಿದರೆ ಕೊರಡಿನ ಹಾಗೆ ಬಿಗಿದಿತ್ತು. ನೋಡುತ್ತಿದ್ದಂತೆ ಮೆತ್ತಗಾಯಿತು, ಮತ್ತೆ ಬಿಗಿಯಿತು. ಆಕೆ ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಕೂಸಿನ ತಲೆ ಇರಬೇಕಾದಲ್ಲಿ ನನ್ನ ಕೈಗೆ ಸಿಗಲಿಲ್ಲ. ಆಂಬುಲೆನ್ಸಿನ ದಾದಾಪೀರನಿಗೆ ಫೋನು ಮಾಡಿ, ಬಾಳವ್ವನನ್ನು ಕರೆದು ಮೊಬೈಲು ಅವಳ ಕೈಗೆ ಕೊಟ್ಟೆ. ಕಿವಿಯವರು ಹೇಳಿದ ಮಾತು ಆಸ್ಪತ್ರೆಗೆ ತಲುಪಬೇಕು, ಅದರ ಮೇಲೆ ಅವರು ಆಪರೇಶನ್ ಕೋಣೆ ಸಿದ್ಧ ಮಾಡಿಕೊಳ್ಳಬೇಕೋ ಬೇಡವೋ ನೋಡುತ್ತಾರೆ.

ಮೊಬೈಲಿನೊಳಗಿನ ತಬಸ್ಸುಮ್ ಮೇಡಂ ದನಿ ನಿಧಾನವಾಗಿ, ನೋವು ಎಲ್ಲಿಂದ ಶುರುವಾಯಿತು ತಾಯಿ ಎಂದು ಕೇಳಿತು. ಬಾಳವ್ವ ಹೊಟ್ಟೆಯಲ್ಲಿ ಉರಿದ ಹಾಗೆ ಎಂದಳು. ಊಟದ ನಂತರ ಜಾಸ್ತಿಯಾಗುತ್ತದೆಯೇ ಎಂದಿತು. ಹೌದ್ರಿ ಎಂದಳು. ತೇಗು ಬರುತ್ತದೆಯೇ ಎಂದಿತು. ಬಾಳವ್ವ ನನ್ನ ಮುಖ ನೋಡಿ, ಬರ್ತಾವ್ರಿ ಎಂದಳು. ಇದು ಅಜೀರ್ಣ ಇರಬಹುದು, ಬಿಸಿನೀರು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೊಬೈಲು ಹೇಳಿತು. ನಾಲ್ಕು ಹೆತ್ತವಳು ಬಾಳವ್ವ. ನಾಲ್ಕೂ ಊರಲ್ಲೇ.

ಅವಳು ಮೊಬೈಲನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿ ಕೂತಳು. “ಅದು ಹೆಂಗ ನೋಯ್ತೈತಂತ ನನಗೇನ ಗೊತ್ತ ಗೋದಕ್ಕ,” ಅಂದಳು. “ಅವತ್ತ ಬಳಿ ಸಪ್ಪಳಾ ಕೇಳಿ ಚೀರಿದೆ. ಕಿವಿಗೆ ಕೈ ಒಯ್ಯೂಮುಂದ ಅಕಿ ಬಳಿ ಸಪ್ಪಳಾ ಆತು. ತಿಂಗಳಗಟ್ಲೆ ಆಚಿ ದಂಡಿ ಆಸ್ಪತ್ರ್ಯಾಗ ಇದನ್ನ ಒಬ್ಬಾಕಿನ ಬಿಟ್ಟ ಹೆಂಗ ಇರ್ಲಿ ಅಂತ ಮಾಡಿದೆ.”

ಉತ್ತರಗಳನ್ನು ನಾನೇ ಊಹಿಸಿ ಹೇಳಿಕೊಡಬಹುದಿತ್ತು. ಹೋದ ಸಲದ್ದೂ ಊಹೆಯೇ. ನೀಲಗಂಗಾ ಗೋಡೆ ಹಿಡಿದು ಎದ್ದಳು. ಗಾಡಿ ಗಿರಣಿಯ ಮುಂದಿನಿಂದಲೇ ಹೋಗಬೇಕಲ್ಲವೇ ಎಂದು ನನ್ನನ್ನು ಕೇಳಿದಳು. ಸೇತುವೆಗೆ ಬೇರೆ ದಾರಿಯಿಲ್ಲ ಎಂದೆ. ಆಕೆ ಗೋಡೆಯ ಮಾಡದಲ್ಲಿ ಕೈಯಾಡಿಸಿ ಬೆಲ್ಲದ ಉಂಡೆ ತೆಗೆದಳು, ಡಬ್ಬಿಯಿಂದ ಕೊಬ್ಬರಿಯ ಹೋಳು ತೆಗೆದಳು, ಸೆರಗಿನ ತುದಿಗೆ ಎರಡನ್ನೂ ಕಟ್ಟಿಕೊಂಡಳು. ರೊಟ್ಟಿಯ ಹೆಂಚು ಇಳಿಸಲು ಬಾಳವ್ವನಿಗೆ ಹೇಳಿದಳು.

ಗಿರಣಿಯ ಮುಂದೆ ದಾದಾಪೀರ ಗಾಡಿ ನಿಲ್ಲಿಸಿದಾಗ ಒಳಗೆ ಸದ್ದಿರಲಿಲ್ಲ. ಹುಲಿಗೆವ್ವ ಮತ್ತೆ ಕೆಲವು ಹೆಂಗಸರು ಡಬ್ಬಿಗಳ ಮೇಲೆ ಕೂತಿದ್ದರು. ನಾನೊಬ್ಬಳೇ ಇಳಿದು ಒಳಗೆ ಹೋದೆ. ಗುರುಶಾಂತಣ್ಣ ತೂಕದ ಹಲಗೆಯ ಮೇಲೆ ಕೂತು ಮಶೀನಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹಣೆಯ ಹಿಟ್ಟು ಬೆವರಿಗೆ ನೆನೆದು ಕಣಕದ ಹಾಗೆ ಕಟ್ಟಿತ್ತು. ಬೆಲ್ಟು ಜಾರುತ್ತಿದೆ ಎಂದ. ಬೆಲ್ಟು ಜಾರಿದರೆ ನೀವು ಉಸಿರು ಯಾಕೆ ಹಿಡಿದಿದ್ದೀರಿ ಎಂದು ಕೇಳಿದೆ. ಅವನು ಕಣ್ಣು ಮುಚ್ಚಿ ಹಣೆಯನ್ನು ಕಂಬಕ್ಕೆ ಒತ್ತಿದ. ನೋವು ಇಳಿದ ಮೇಲೆ ಕೇಳಿದೆ, “ಅಕ್ಕನ ಮಗಳ ಮದುವಿಗೆ ಯಾಕ ಹೋಗಲಿಲ್ಲ ಗುರುಶಾಂತಣ್ಣ?”

“ಹೋದ ಸಲ ಹೊಳಿ ದಾಟಿ ಹೋಗಿದ್ದೆನಲ್ಲ,” ಅಂದ ಅವನು.

ಹೆಂಗಸರು ಎದ್ದು ದಾರಿ ಬಿಟ್ಟರು. ಬೇಡವೆಂದು ಹೇಳಿದ್ದರೂ ನೀಲಗಂಗಾ ಗಾಡಿಯಿಂದ ಇಳಿದು ಬಂದಿದ್ದಳು. ಹೊಸ್ತಿಲ ಹೊರಗೆ ನಿಂತು ಸೆರಗಿನ ಗಂಟು ಬಿಚ್ಚಿದಳು. ಆಕೆಯ ಮುಖದಲ್ಲಿ ನೋವಿನ ಗೆರೆಯೂ ಇರಲಿಲ್ಲ, ಬೆಳಗಿನ ರೊಟ್ಟಿಯ ಹಿಟ್ಟು ಮಾತ್ರ ಗಲ್ಲಕ್ಕೆ ಹತ್ತಿತ್ತು. ಗುರುಶಾಂತಣ್ಣ ಏಳಲು ನೋಡಿದ. ಬೆಲ್ಲ ಕೊಬ್ಬರಿ ಕಂಡು, ತನ್ನ ಎರಡೂ ಕೈಗಳನ್ನು ನೋಡಿಕೊಂಡು, ಮೂಲೆಯಲ್ಲಿದ್ದ ನೀರಿನ ಕೊಡದ ಕಡೆ ತಿರುಗಿದ.

“ಕೈ ತೊಳಕೊಬ್ಯಾಡ್ರಿ ಕಾಕಾ,” ಅಂದಳು ನೀಲಗಂಗಾ. “ಹಂಗ ತಗೋರಿ.”

ಅವನು ತಗೊಂಡ. ಬೆಲ್ಲದ ಮೇಲೆ ಅವನ ಬೆರಳುಗಳು ಬೆಳ್ಳಗೆ ಮೂಡಿದವು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅಗಿಯುತ್ತಿರುವಾಗಲೇ ಮತ್ತೆ ಬಂತು. ಅವನು ಕಂಬ ಹಿಡಿದು ಬಗ್ಗಿದ, ನೀಲಗಂಗಾ ಹೊಸ್ತಿಲಲ್ಲಿ ಸುಮ್ಮನೆ ನಿಂತು ಅವನನ್ನು ನೋಡಿದಳು. ಇಳಿದ ಮೇಲೆ ನಾನು ಬಾಳವ್ವನ ಹೆಸರು ತೆಗೆದು ಮೊಬೈಲನ್ನು ಅವನ ಬಾಯಿಯ ಹತ್ತಿರ ಹಿಡಿದೆ. ನೀವು ಇವರ ಕಿವಿಯವರೇ ಎಂದು ಮೇಡಂ ದನಿ ಕೇಳಿತು. ಅವನು ಹೂಂ ಎಂದ. ಸರಿಯಾಗಿ ಕೇಳಿಸಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿತು. ಹುಲಿಗೆವ್ವ ಹಿಂದಿನಿಂದ, ಇಷ್ಟು ವರ್ಷದ ಮೇಲೆ ಅದಕ್ಕೂ ನಂಬಿಕೆ ಬರುತ್ತಿಲ್ಲ ನೋಡು ಎಂದಳು.

“ಹೌದು, ನಾನ,” ಅಂದ ಗುರುಶಾಂತಣ್ಣ. ಗಿರಣಿ ನಿಂತಿದ್ದರಿಂದ ಅದು ಓಣಿಯ ತುದಿಯವರೆಗೂ ಕೇಳಿಸಿತು.

ಆಮೇಲಿನ ಪ್ರಶ್ನೆಗಳಿಗೆ ಅವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಸುಕಿನಲ್ಲಿ ಗಿರಣಿಯ ಬಾಗಿಲು ತೆಗೆಯುವಾಗ ಶುರುವಾಯಿತು, ನಡುವಿನಿಂದ ಎದ್ದು ಮುಂದಕ್ಕೆ ಬರುತ್ತದೆ, ಮೊದಲು ಒಂದು ಬುಟ್ಟಿ ಬೀಸುವಷ್ಟು ಬಿಡುವು ಕೊಡುತ್ತಿತ್ತು, ಈಗ ಒಂದು ಸೇರಿಗೂ ಕೊಡುತ್ತಿಲ್ಲ, ಎಡಗಡೆ ಏನೋ ಗಟ್ಟಿಯಾಗಿ ಒತ್ತುತ್ತಿದೆ ಎಂದ. ಅವನು ಹೇಳುತ್ತ ಹೋದ ಹಾಗೆ ಮೊಬೈಲಿನಲ್ಲಿ ಒಂದೊಂದೇ ಮನೆ ತುಂಬಿತು. ನಾವು ಗಾಡಿಯ ಹತ್ತಿರ ಬರುವಷ್ಟರಲ್ಲಿ ಆಸ್ಪತ್ರೆಯಿಂದ ಉತ್ತರ ಬಂತು. ಆಪರೇಶನ್ ಕೋಣೆ ಸಿದ್ಧ ಮಾಡುತ್ತಿದ್ದೇವೆ, ನೇರ ಅಲ್ಲಿಗೇ ಬನ್ನಿ ಎಂದಿತ್ತು.

ಗುರುಶಾಂತಣ್ಣ ಗೋಡೆ ಹಿಡಿದುಕೊಂಡು ಗಾಡಿಯವರೆಗೆ ಬಂದ. ಸೇತುವೆಯ ಕಂಬ ದಾಟಿದ ಮೇಲೆ ನೋವು ನಿನ್ನ ಮೈಮೇಲೆ ಬರುತ್ತದೆ ಎಂದು ನೀಲಗಂಗಾಳಿಗೆ ಹೇಳಿದ. ಗೊತ್ತು ಎಂದು ಆಕೆ ತಲೆಯಾಡಿಸಿದಳು. ಅವನು ಇನ್ನೂ ಏನೋ ಹೇಳುವುದಿದೆ ಎಂಬಂತೆ ಬಾಗಿಲು ಹಾಕಗೊಡದೆ ನಿಂತ.

“ಹಲ್ಲು ಕಚ್ಚಬ್ಯಾಡವ್ವ. ಕಚ್ಚಿದ್ರ ಹೆಚ್ಚಾಗ್ತೈತಿ,” ಅಂದ. “ಬಾಯಿ ತೆರದು ಉಸರ ಬಿಡು, ಉದ್ದಕ ಬಿಡು. ತುದಿಗೆ ಹೋತಂದ್ರ ತಾನ ಇಳಿತೈತಿ. ನಿಂದ್ರಂಗಿಲ್ಲ ಅನಸ್ತೈತಿ, ಆದ್ರ ಇಳಿತೈತಿ.”

ಸೇತುವೆಯ ಮೇಲೆ ದಾದಾಪೀರ ಗಾಡಿ ನಿಧಾನ ಮಾಡಲಿಲ್ಲ. ಕಂಬ ದಾಟಿದ್ದು ನನ್ನ ಕೈಗೆ ಗೊತ್ತಾಯಿತು. ನೀಲಗಂಗಾ ಅದನ್ನು ಹಿಡಿದ ರಭಸಕ್ಕೆ ಬಳೆಯೊಂದು ಚೂರಾಯಿತು. ಆಕೆಯ ಕಣ್ಣುಗಳು ಅಗಲವಾದವು. ಇದೇನಾ ಎಂದು ಕೇಳುವಂತೆ ನನ್ನನ್ನು ನೋಡಿದಳು. ಆಮೇಲೆ ಬಾಯಿ ತೆರೆದು ಉದ್ದಕ್ಕೆ ಉಸಿರು ಬಿಟ್ಟಳು. ಹಿಂದೆ, ಊರಿನ ಕಡೆಯಿಂದ, ಗಿರಣಿ ಶುರುವಾದ ಸದ್ದು ಕೇಳಿಸಿತು. ನಾವು ಆಚೆಯ ದಂಡೆ ಇಳಿದು ಮರೆಯಾಗುವವರೆಗೂ ಅದು ನಿಲ್ಲಲಿಲ್ಲ.

ಕೂಸು ಅಡ್ಡವೇ ಇತ್ತು. ಡಾಕ್ಟರು ಕೈ ತೊಳೆದುಕೊಂಡು ಕಾಯುತ್ತಿದ್ದರು. ಹೆಣ್ಣು, ತೂಕ ಚೆನ್ನಾಗಿದೆ ಎಂದು ನರ್ಸು ಹೊರಗೆ ಬಂದು ಹೇಳಿದಾಗ, ನಮ್ಮ ಜೊತೆ ಗಾಡಿಯಲ್ಲೇ ಬಂದಿದ್ದ ಬಾಳವ್ವ ಆಸ್ಪತ್ರೆಯ ನೆಲಕ್ಕೆ ಹಣೆ ಮುಟ್ಟಿಸಿದಳು. ತಬಸ್ಸುಮ್ ಮೇಡಂ ನೋಡಲು ಬಂದರು. ಬಾಳವ್ವ ಬಳೆಯ ಸಪ್ಪಳಕ್ಕೆ ಚೀರಿದ ಸಂಗತಿ ಕೇಳಿ ನಗಲಿಲ್ಲ. ಹೌದು ಅಂದವರನ್ನು ಇನ್ನೊಂದು ಸಲ ಕೇಳುವುದನ್ನು ಸೇರಿಸಬೇಕು ಎಂದರು. ಯಾವ ಯಂತ್ರವೂ ಬಾಳವ್ವನನ್ನು ಗೆಲ್ಲಲಾರದು ಎಂದು ನನಗನ್ನಿಸಿತು.

ಊರಿಗೆ ಹೊರಡುವ ದಿನ ನರ್ಸು ಕೂಸಿನ ತೊಡೆಗೆ ಸೂಜಿ ಹಾಕಿದಳು. ಅದು ಗಾಡಿಯಲ್ಲಿ ದಾರಿಯುದ್ದಕ್ಕೂ ಕಿರುಚಿತು. ನಮ್ಮೂರ ಕೂಸುಗಳು ಹಾಗೆ ಅಳುವುದನ್ನು ನಾವು ಕೇಳಿದವರಲ್ಲ. ಬಾಳವ್ವ ನರ್ಸಿನ ಮನೆತನವನ್ನೆಲ್ಲ ಬೈಯುತ್ತ ಬಂದಳು. ಹೊಲಿಗೆಯ ನೋವಿಗೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದ ನೀಲಗಂಗಾ ಸ್ವಲ್ಪ ಹೊತ್ತಿಗೆ ನಕ್ಕಳು. “ಇದರ ಕಿವಿ ಚುಚ್ಚೂಮುಂದ ನೀವು ಅಡಗಿಮನ್ಯಾಗ ಕುಂದ್ರಬ್ಯಾಡ್ರಿ ಅತ್ತಿ. ಊರ ಹೊರಗ ಹೋಗಿ ಬಿಡ್ರಿ,” ಅಂದಳು.

“ಇನ್ನ ನಾ ಜಲ್ಮದಾಗ ಅಯ್ಯೋ ಅನ್ನಂಗಿಲ್ಲ,” ಅಂದಳು ಬಾಳವ್ವ. “ಚೇಳ ಕಡದ್ರೂ ಅನ್ನಂಗಿಲ್ಲ.”

ಗಾಡಿ ಸೇತುವೆ ಹತ್ತಿತು. ಊರ ಕಡೆಯಿಂದ ಗಿರಣಿಯ ಸದ್ದು ಬರುತ್ತಿತ್ತು. ಕಂಬ ದಾಟುತ್ತಿದ್ದಂತೆ ಅದು ತಟ್ಟನೆ ನಿಂತಿತು, ನೀಲಗಂಗಾ ಮೆಲ್ಲಗೆ ನೆಟ್ಟಗೆ ಕೂತಳು. ಒಂದು ಉಸಿರಿನಷ್ಟು ಹೊತ್ತು, ಮತ್ತೆ ಗಿರಣಿ ಹೊರಟಿತು. ಕೂಸು ಅಳುವುದನ್ನು ನಿಲ್ಲಿಸಿ ಕಿಟಕಿಯ ಬೆಳಕನ್ನು ನೋಡತೊಡಗಿತು. ಎದುರಿನ ಸೀಟಿನಲ್ಲಿ ಬಾಳವ್ವ ತುಟಿ ಬಿಗಿದುಕೊಂಡು, ಎರಡೂ ಕೈಯಿಂದ ತನ್ನ ತೊಡೆಯನ್ನು ಹಿಡಿದುಕೊಂಡಳು.